ಮಗುವಿಗೆ ಪಿನ್ ಬೇಡ, ಮಿತಿ ಹಾಕಿದ ಹಣ ಸಾಕು

ಮಾನ್ಯ ಸಂಪಾದಕರೇ,

ಪ್ರಾಥಮಿಕ ಶಾಲೆಯ ಮಕ್ಕಳು ಗೂಗಲ್ ಪೇ, ಫೋನ್‌ಪೇ ಬಳಸಬಹುದೇ ಎಂದು ಕೇಳಿದರೆ ನಮ್ಮ ಕರಾವಳಿಯ ಹೆತ್ತವರಲ್ಲಿ ಎರಡು ಉತ್ತರ ಸಿಗುತ್ತದೆ. ‘ಈ ವಯಸ್ಸಿಗೆ ಬೇಡವೇ ಬೇಡ’ ಎನ್ನುವವರು ಕೆಲವರು. ‘ಕಾಲವೇ ಹಾಗಿದೆ, ಕಲಿಯಲಿ ಬಿಡಿ’ ಎನ್ನುವವರು ಇನ್ನು ಕೆಲವರು. ತಮಾಷೆಯೆಂದರೆ ಎರಡೂ ಮನೆಗಳಲ್ಲಿ ಸಂಜೆ ತೆಂಗಿನೆಣ್ಣೆ ಮುಗಿದರೆ ನಡೆಯುವುದು ಒಂದೇ. ಮೊಬೈಲನ್ನು ಮಗುವಿನ ಕೈಗೆ ತುರುಕಿ, ‘ಪಿನ್ ಗೊತ್ತುಂಟಲ್ಲ, ಬೇಗ ತಾ’ ಎಂದು ಅಂಗಡಿಗೆ ಓಡಿಸುತ್ತಾರೆ. ಬೇಡ ಎಂದವರ ಮನೆಯ ಮಗುವಿಗೂ ಪಿನ್ ಬಾಯಿಪಾಠ.

ಅಜ್ಜ ಅಜ್ಜಿ ಇರುವ ಮನೆಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಗ ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುತ್ತಾನೆ. ಅವನು ಕಳಿಸಿದ ಹಣ ಅಜ್ಜಿಯ ಖಾತೆಗೆ ಬರುತ್ತದೆ. ಮೆಸ್ಕಾಂನ ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಮೀನಿನವರಿಗೆ ಹಣ ಹಾಕುವುದು ಎಲ್ಲವೂ ಏಳನೇ ತರಗತಿಯ ಮೊಮ್ಮಗಳ ಕೆಲಸ. ಆ ಮನೆಯ ಕ್ಯಾಷಿಯರ್ ಅವಳೇ. ಹೀಗಿರುವಾಗ ‘ಮಕ್ಕಳಿಗೆ ಕೊಡಬೇಕೇ ಬೇಡವೇ’ ಎಂಬ ಚರ್ಚೆ ಹಳೆಯದಾಯಿತು. ಕೊಟ್ಟಾಗಿದೆ. ಕೊಟ್ಟ ರೀತಿ ಮಾತ್ರ ತಪ್ಪಾಗಿದೆ, ಅದನ್ನು ಸರಿಪಡಿಸುವ ದಾರಿ ಹೇಳುವುದಕ್ಕೆ ಈ ಪತ್ರ.

ಮೊದಲು ಪಿನ್ನಿನ ವಿಚಾರ. ಯುಪಿಐ ಪಿನ್ 4 ಅಥವಾ 6 ಅಂಕಿಯ ಸಣ್ಣ ಸಂಖ್ಯೆ. ಆದರೆ ಅದು ಖಾತೆದಾರರ ಸಹಿಗೆ ಸಮ. ಮಗುವಿಗೆ ಅದನ್ನು ಹೇಳಿಕೊಟ್ಟರೆ 40 ರೂಪಾಯಿಯ ಸಾಮಾನಿಗಾಗಿ ಖಾತೆಯಲ್ಲಿರುವ ಅಷ್ಟೂ ಹಣದ ಬಾಗಿಲು ತೆರೆದಿಟ್ಟಂತೆ. ಆ ಪಿನ್‌ನಿಂದ ಬ್ಯಾಲೆನ್ಸ್ ನೋಡಬಹುದು, ಬೇರೆಯವರಿಗೆ ಹಣ ಕಳಿಸಬಹುದು, ತಿಂಗಳು ತಿಂಗಳು ಹಣ ಕಡಿತವಾಗುವ ಆಟೋಪೇಗೂ ಒಪ್ಪಿಗೆ ಕೊಡಬಹುದು. ಇನ್ನೊಂದು ಮಾತು ಬಹಳ ಮಂದಿಗೆ ತಿಳಿದಿಲ್ಲ. ಅನಧಿಕೃತ ವಹಿವಾಟಿನಲ್ಲಿ ನಷ್ಟ ಯಾರದ್ದು ಎಂಬ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿದೆ. ಗ್ರಾಹಕರೇ ತಮ್ಮ ಪಿನ್, ಪಾಸ್‌ವರ್ಡ್ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ದೂರು ಕೊಡುವ ತನಕ ಆದ ನಷ್ಟವೆಲ್ಲ ಗ್ರಾಹಕರದ್ದೇ ಎಂದು ಅದರಲ್ಲಿದೆ. ‘ಮಗುವಿಗಷ್ಟೇ ಹೇಳಿದ್ದು’ ಎಂಬ ವಿವರಣೆ ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಪಿನ್ ಬದಲಿಸಿದರಾಯಿತು ಎನ್ನಬೇಡಿ, ಅಷ್ಟಕ್ಕೇ ಮುಗಿಯುವುದಿಲ್ಲ. ಹೊಸ ಪಿನ್ ಹಾಕಲು ಬೇಕಾಗುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಮೊಬೈಲಿಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಆಧಾರ್ ಮೂಲಕ ಪಿನ್ ಹಾಕುವ ಸೌಲಭ್ಯವಿರುವ ಬ್ಯಾಂಕಾದರೆ ಆಧಾರ್ ಸಂಖ್ಯೆಯ ಮೊದಲ 6 ಅಂಕಿ ಮತ್ತು ಒಟಿಪಿ ಇದ್ದರೆ ನಡೆಯುತ್ತದೆ. ಶಾಲೆಯ ಒಂದೊಂದು ಅರ್ಜಿಯಲ್ಲೂ ಅಪ್ಪ ಅಮ್ಮನ ಆಧಾರ್ ಸಂಖ್ಯೆ ಬರೆದು ಬರೆದು ಮಕ್ಕಳಿಗೆ ಅದು ಮಗ್ಗಿಯಂತೆ ಬರುತ್ತದೆ. ಫೋನ್ ಹೇಗೂ ಕೈಯಲ್ಲೇ ಇದೆ. ಆದ್ದರಿಂದ ಪಿನ್ ಬದಲಿಸಿದ ದಿನವೇ ಕಾರ್ಡನ್ನು ಟಿವಿ ಸ್ಟ್ಯಾಂಡಿನ ಮೇಲಿನಿಂದ ಎತ್ತಿ ಕಪಾಟಿನೊಳಗಿಡಿ. ಲಾಕ್ ಆಗಿರುವ ಪರದೆಯಲ್ಲಿ ಮೆಸೇಜಿನ ಒಳಗಿನ ಮಾತು ಕಾಣದಂತೆ ನೋಟಿಫಿಕೇಶನ್ ಸೆಟ್ಟಿಂಗ್ ಬದಲಿಸಿ. ಮಗುವಿನ ಹುಟ್ಟಿದ ವರ್ಷವನ್ನೋ ಸ್ಕೂಟರಿನ ನಂಬರನ್ನೋ ಹೊಸ ಪಿನ್ ಮಾಡಿಕೊಳ್ಳಬೇಡಿ, ಮಕ್ಕಳು ಮೊದಲು ಒತ್ತಿ ನೋಡುವುದು ಅದನ್ನೇ.

ಬೆರಳಚ್ಚಿನದು ಇನ್ನೊಂದು ಕಥೆ. ಅಡುಗೆ ಮಾಡುತ್ತಿರುವಾಗ ಪದೇ ಪದೇ ಲಾಕ್ ತೆಗೆದುಕೊಡುವ ರಗಳೆ ಬೇಡವೆಂದು ಮಗುವಿನ ಬೆರಳನ್ನೂ ಫೋನಿನಲ್ಲಿ ಸೇರಿಸಿಟ್ಟ ಮನೆಗಳು ಬೇಕಾದಷ್ಟಿವೆ. 2025ರ ಅಕ್ಟೋಬರ್‌ನಿಂದ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಯುಪಿಐ ಪಾವತಿ ಮಾಡುವ ವ್ಯವಸ್ಥೆ ಬಂದಿದೆ. ಅದು ಕಡ್ಡಾಯವಲ್ಲ, ಬೇಕಾದವರು ಆನ್ ಮಾಡಿಕೊಳ್ಳಬೇಕು. ಆನ್ ಮಾಡುವ ಮೊದಲು ಫೋನಿನಲ್ಲಿ ಯಾರ್‍ಯಾರ ಬೆರಳು ದಾಖಲಾಗಿದೆ ನೋಡಿ. ಒಳಗೆ ಸೇರಿಸಿದ ಮೇಲೆ ಇದು ಅಮ್ಮನ ಬೆರಳು, ಇದು ಮಗನದ್ದು ಎಂಬ ಭೇದ ಫೋನಿಗಿಲ್ಲ.

ಪಿನ್ ಕೊಡದೆ ಮಗುವಿನಿಂದ ಸಾಮಾನು ತರಿಸಲು ಈಗಿರುವ ದಾರಿಗಳಲ್ಲಿ ಸುಲಭದ್ದು ಯುಪಿಐ ಲೈಟ್. 2022ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಸೌಲಭ್ಯ ಫೋನಿನೊಳಗಿನ ಸಣ್ಣ ಪರ್ಸಿನಂತೆ. ಆ್ಯಪ್‌ನಲ್ಲಿ ಪ್ರೊಫೈಲ್ ತೆರೆದರೆ ‘ಯುಪಿಐ ಲೈಟ್’ ಕಾಣುತ್ತದೆ. ಅದನ್ನು ಒತ್ತಿ ಬ್ಯಾಂಕ್ ಆರಿಸಿ, ಮೊತ್ತ ಹಾಕಿ, ಒಮ್ಮೆ ಪಿನ್ ಒತ್ತಿದರೆ ಹಣ ಆ ಪರ್ಸಿಗೆ ಬರುತ್ತದೆ. ಒಟ್ಟು 5,000 ರೂಪಾಯಿ ಇಡಬಹುದು, ಒಂದು ಸಲಕ್ಕೆ 1,000 ರೂಪಾಯಿವರೆಗೆ ಖರ್ಚು ಮಾಡಬಹುದು, ಖರ್ಚಿಗೆ ಪಿನ್ ಕೇಳುವುದಿಲ್ಲ. ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ 5,000 ತುಂಬಬೇಡಿ. 200 ರೂಪಾಯಿ ಸಾಕು. ಫೋನ್ ಕಳೆದುಹೋದರೂ ಯಾರಾದರೂ ಮಗುವನ್ನು ಯಾಮಾರಿಸಿದರೂ ಪಿನ್ನಿಲ್ಲದೆ ಹೋಗುವುದು ಆ 200 ರೂಪಾಯಿ ಮಾತ್ರ. ಬಿಲ್ 230 ಆಯಿತೆನ್ನಿ. ಲೈಟ್‌ನಲ್ಲಿ ಅಷ್ಟು ಹಣವಿಲ್ಲದ ಕಾರಣ ಆ್ಯಪ್ ಬ್ಯಾಂಕ್ ಖಾತೆಗೆ ಹೋಗಿ ಪಿನ್ ಕೇಳುತ್ತದೆ. ಮಗುವಿಗೆ ಪಿನ್ ಗೊತ್ತಿಲ್ಲ, ಅಲ್ಲಿಗೆ ನಿಂತಿತು. ನಮಗೆ ಬೇಕಾದ ಬ್ರೇಕ್ ಅದೇ.

ಲೈಟ್‌ನಲ್ಲಿ ಹೆತ್ತವರು ಎಡವುವುದು ಎರಡು ಕಡೆ. ಒಂದು, ಆಟೋ ಟಾಪ್‌ಅಪ್. ಹಣ ಕಡಿಮೆಯಾದ ಕೂಡಲೇ ಖಾತೆಯಿಂದ ತಾನಾಗಿ ತುಂಬಿಕೊಳ್ಳುವ ಈ ಸೌಲಭ್ಯವನ್ನು ಆನ್ ಮಾಡಿಟ್ಟರೆ ಮಿತಿ ಎಂಬುದೇ ಉಳಿಯುವುದಿಲ್ಲ. ಎರಡು, ಲೆಕ್ಕ. ಲೈಟ್‌ನ ಒಂದೊಂದು ಖರ್ಚಿಗೂ ಬ್ಯಾಂಕಿನಿಂದ ಬೇರೆ ಬೇರೆ ಎಸ್‌ಎಂಎಸ್ ಬರುವುದಿಲ್ಲ, ಪಾಸ್‌ಬುಕ್ಕಿನಲ್ಲೂ ಪ್ರತಿ ಚಾಕೊಲೇಟಿಗೆ ಒಂದು ಸಾಲು ಬೀಳುವುದಿಲ್ಲ. ಅಲ್ಲಿ ಕಾಣುವುದು ಲೈಟ್‌ಗೆ ತುಂಬಿದ 200 ಮಾತ್ರ. ಅದು ಎಲ್ಲಿಗೆ ಹೋಯಿತೆಂದು ಆ್ಯಪ್‌ನ ಹಿಸ್ಟರಿಯಲ್ಲೇ ನೋಡಬೇಕು.

ಹಳೆಯ ಫೋನೊಂದನ್ನು ಮಗುವಿಗೆಂದೇ ಇಟ್ಟು ಅದರಲ್ಲಿ ತಮ್ಮ ಖಾತೆ ಹಾಕಿಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಅದೇ ಫೋನಿನೊಳಗಿದ್ದು, ಅದರಿಂದಲೇ ಎಸ್‌ಎಂಎಸ್ ಹೋದರೆ ಮಾತ್ರ ಯುಪಿಐ ನೋಂದಣಿ ಆಗುತ್ತದೆ.

ಮಗುವಿಗೆ ಬೇರೆ ಸಿಮ್, ಬೇರೆ ಫೋನ್ ಇದ್ದರೆ ಯುಪಿಐ ಸರ್ಕಲ್ ಎಂಬ ಇನ್ನೊಂದು ದಾರಿಯಿದೆ. ಹೈಸ್ಕೂಲಿಗೆ ಮೊದಲು ಸ್ವಂತ ಫೋನಿನ ಅಗತ್ಯವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೂ ಕೊಟ್ಟಿರುವವರು ತಿಳಿದಿರಲಿ. 2024ರ ಆಗಸ್ಟಿನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಖಾತೆ ಹೆತ್ತವರದ್ದು, ಸ್ಕ್ಯಾನ್ ಮಾಡುವುದು ಮಗು. ಮಗುವಿಗೆ ಬ್ಯಾಂಕ್ ಖಾತೆ ಬೇಕಿಲ್ಲ. ಒಬ್ಬ ಖಾತೆದಾರರು ಗರಿಷ್ಠ 5 ಮಂದಿಯನ್ನು ಸೇರಿಸಬಹುದು. ಸೇರಿಸುವಾಗ ಮಗುವಿನ ಆ್ಯಪ್‌ನಲ್ಲಿರುವ ಕ್ಯೂಆರ್ ಸ್ಕ್ಯಾನ್ ಮಾಡಬೇಕು, ಇಲ್ಲವೇ ಕಾಂಟ್ಯಾಕ್ಟ್ ಪಟ್ಟಿಯಿಂದ ಆರಿಸಬೇಕು. ಆಮೇಲೆ ಎರಡು ಆಯ್ಕೆ ಬರುತ್ತದೆ. ತಿಂಗಳಿಗೆ ಇಷ್ಟು ಎಂದು ಮಿತಿ ಹಾಕಿ ಬಿಟ್ಟುಬಿಡುವುದು ಒಂದು. ಇದರಲ್ಲಿ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮೇಲ್ಮಿತಿ, ಅದಕ್ಕಿಂತ ಕೆಳಗೆ ನಿಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಪ್ರತಿ ಪಾವತಿಗೂ ಹೆತ್ತವರ ಒಪ್ಪಿಗೆ ಬೇಕು ಎಂಬುದು ಇನ್ನೊಂದು. ಮಗು ಸ್ಕ್ಯಾನ್ ಮಾಡಿದಾಗ ಕೋರಿಕೆ ನಿಮ್ಮ ಫೋನಿಗೆ ಬರುತ್ತದೆ, ನೀವು ಪಿನ್ ಒತ್ತಿದರೆ ಹಣ ಹೋಗುತ್ತದೆ.

ಚಿಕ್ಕ ಮಕ್ಕಳಿಗೆ ಎರಡನೆಯದೇ ಸರಿ. ಅದರ ತೊಂದರೆಯೂ ಗೊತ್ತಿರಲಿ. ಅಪ್ಪ ಬೈಕ್ ಓಡಿಸುತ್ತಿದ್ದರೆ, ಅಮ್ಮ ಡ್ಯೂಟಿಯಲ್ಲಿದ್ದು ಫೋನ್ ಲಾಕರಿನಲ್ಲಿದ್ದರೆ, ಕೋರಿಕೆಯ ಸಮಯ ಮೀರಿ ಪಾವತಿ ರದ್ದಾಗುತ್ತದೆ. ಗೋಳಿಬಜೆ ಕೈಗೆ ಬಂದಿದೆ, ಹಣ ಹೋಗಿಲ್ಲ, ಮಗು ಅಂಗಡಿಯೆದುರು ಅಳುಮೋರೆ ಹಾಕಿ ನಿಂತಿದೆ. ಇದಕ್ಕೆ ಮದ್ದು ಕಂಪಾಸ್ ಬಾಕ್ಸಿನಲ್ಲಿ ಯಾವಾಗಲೂ ಮಡಚಿಟ್ಟ 50ರ ಒಂದು ನೋಟು. ಇನ್ನು ಕನಿಷ್ಠ ವಯಸ್ಸಿನ ಷರತ್ತು ಎಲ್ಲ ಆ್ಯಪ್‌ಗಳಲ್ಲೂ ಒಂದೇ ಅಲ್ಲ. ಮಗುವಿನ ಜನ್ಮವರ್ಷ ಸುಳ್ಳು ಹಾಕಿ ಖಾತೆ ತೆರೆದುಕೊಡುವುದನ್ನು ದಯವಿಟ್ಟು ಬಿಡಿ. ನಾಳೆ ದೂರು ಕೊಡಬೇಕಾಗಿ ಬಂದರೆ ಮೊದಲು ಸಿಕ್ಕಿಬೀಳುವುದು ಆ ಸುಳ್ಳೇ.

ಹತ್ತು ವರ್ಷ ತುಂಬಿದ ಮಕ್ಕಳಿಗೆ ಸ್ವಂತ ಬ್ಯಾಂಕ್ ಖಾತೆಯ ದಾರಿಯೂ ಇದೆ. 2025ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ 10 ವರ್ಷಕ್ಕೆ ಮೇಲ್ಪಟ್ಟ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು. ಅದಕ್ಕಿಂತ ಚಿಕ್ಕವರು ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಮೂಲಕ ತೆರೆಯಬೇಕು. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೇ, ಮೊಬೈಲ್ ಬ್ಯಾಂಕಿಂಗ್ ಕೊಡಬೇಕೇ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟ ವಿಚಾರ. ಖಾತೆಯಲ್ಲಿ ಹಣ ಇದ್ದಷ್ಟೇ ಖರ್ಚು, ಮೇಲೆ ಒಂದು ರೂಪಾಯಿಯೂ ಸಾಲವಾಗಬಾರದು ಎಂಬ ನಿಯಮ ಮಾತ್ರ ಎಲ್ಲರಿಗೂ ಒಂದೇ. ಶಾಖೆಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಈ ಖಾತೆಗೆ ಯುಪಿಐ ಉಂಟೇ? ದಿನಕ್ಕೆ ಮಿತಿ ಎಷ್ಟು? ಎಸ್‌ಎಂಎಸ್ ಯಾರ ನಂಬರಿಗೆ ಬರುತ್ತದೆ? ಕನಿಷ್ಠ ಬ್ಯಾಲೆನ್ಸ್ ಎಷ್ಟು? ನಂಬರ್ ಹೆತ್ತವರದ್ದೇ ಇರಲಿ. ಮಗುವಿನ ಸಹಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆದ್ದರಿಂದ ತಿರುವುಮುರುವಿನ ಸಹಿ ಕಲಿಸದೆ ಪೂರ್ತಿ ಹೆಸರನ್ನೇ ಬಿಡಿಸಿ ಬರೆಯಲು ಹೇಳಿ. ಹದಿನೆಂಟು ತುಂಬಿದಾಗ ಹೊಸ ಮಾದರಿ ಸಹಿ ಹೇಗೂ ಕೊಡಬೇಕು.

ಅಂಗಡಿಯೆದುರು ಏನೇನು ತಪ್ಪುತ್ತದೆ ಎಂದು ನೋಡೋಣ. ಅಂಗಡಿಗೆ ಅಂಟಿಸಿದ ಕ್ಯೂಆರ್ ಚೀಟಿಯಲ್ಲಿ ಮೊತ್ತ ಇರುವುದಿಲ್ಲ, ಮಗುವೇ ಒತ್ತಬೇಕು. ಪರದೆಯಲ್ಲಿ ಬಿಲ್ಲಿನ 45.00 ನೋಡಿ ಹಾಗೆಯೇ ಒತ್ತಲು ಹೋಗಿ ಚುಕ್ಕೆ ತಪ್ಪಿದರೆ 4500 ಆಗುತ್ತದೆ. ಪೈಸೆ ಒತ್ತುವುದು ಬೇಡ, ರೂಪಾಯಿ ಮಾತ್ರ ಒತ್ತು ಎಂದು ಕಲಿಸಿ. ಲೈಟ್‌ನಲ್ಲಿ 200 ಮಾತ್ರ ಇದ್ದರೆ ಈ ತಪ್ಪೂ ಪಿನ್ನಿನ ಬಾಗಿಲಲ್ಲಿ ನಿಂತುಬಿಡುತ್ತದೆ.

ಎರಡನೆಯದು ಹೆಸರು. ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರಲ್ಲಿ ಮಾಡಿದ ನಿಯಮದಂತೆ, ಹಣ ಕಳಿಸುವ ಮೊದಲು ಪರದೆಯಲ್ಲಿ ಬರಬೇಕಾದ್ದು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು. ಬೋರ್ಡಿನಲ್ಲಿ ದೇವರ ಹೆಸರಿನ ಸ್ಟೋರ್ಸ್ ಇದ್ದು ಪರದೆಯಲ್ಲಿ ಮಾಲೀಕರ ಹೆಂಡತಿಯ ಹೆಸರು ಬರಬಹುದು, ಅದು ಮೋಸವಲ್ಲ. ಆದರೆ ಅಂಗಡಿಯವರ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿ ಹೋಗುವ ಕಳ್ಳರೂ ಇದ್ದಾರೆ. ‘ಅಣ್ಣಾ, ಇಂಥ ಹೆಸರು ಬರ್ತಾ ಉಂಟು, ಸರಿಯಾ?’ ಎಂದು ಜೋರಾಗಿ ಓದಿ ಕೇಳಿ ಆಮೇಲೆ ಒತ್ತುವುದು ರೂಢಿಯಾದರೆ ಸಾಕು. ಮಕ್ಕಳಿಗೆ ನಾಚಿಕೆ, ಅದನ್ನು ಬಿಡಿಸಬೇಕಾದವರು ನಾವು.

ಮೂರನೆಯದು, ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ತೊಂದರೆ. ಗುಡುಗು ಮಳೆಗೆ ಕರೆಂಟು ಹೋಗಿ ನೆಟ್‌ವರ್ಕ್ ಕುಂಟುತ್ತಿರುವಾಗ ಮಗುವಿನ ಫೋನಿನಲ್ಲಿ ಹಣ ಕಡಿತವಾಗುತ್ತದೆ, ಅಂಗಡಿಯ ಸೌಂಡ್‌ಬಾಕ್ಸ್ ಮಾತಾಡುವುದಿಲ್ಲ. ಹಣ ಕಳಿಸುವ ಬ್ಯಾಂಕ್, ಎರಡನ್ನೂ ಜೋಡಿಸುವ ನಡುವಿನ ವ್ಯವಸ್ಥೆ, ಪಡೆಯುವ ಬ್ಯಾಂಕ್ ಹೀಗೆ ಮೂರು ಕಡೆ ಉತ್ತರ ದಾಟಿ ಬರಬೇಕು, ಒಂದು ಕಡೆ ತಡವಾದರೆ ‘ಪೆಂಡಿಂಗ್’. ಅಂಗಡಿಯವರು ‘ಬರಲಿಲ್ಲ ಮಗಾ’ ಎನ್ನುತ್ತಾರೆ, ಹೆದರಿದ ಮಗು ಇನ್ನೊಮ್ಮೆ ಕಳಿಸುತ್ತದೆ. ಅರ್ಧ ಗಂಟೆ ಬಿಟ್ಟು ಎರಡೂ ಜಮೆಯಾಗುತ್ತವೆ. ಎರಡನೇ ಸಲ ಒತ್ತಬಾರದು, ಹಿಸ್ಟರಿ ತೆರೆದು 12 ಅಂಕಿಯ ಯುಪಿಐ ರೆಫರೆನ್ಸ್ ನಂಬರನ್ನು ಅಂಗಡಿಯವರಿಗೆ ತೋರಿಸಬೇಕು, ಬೇಕಾದರೆ ಸಾಮಾನು ಅಲ್ಲೇ ಇಟ್ಟು ಬರಬೇಕು. ಹಣ ಕಡಿತವಾಗಿ ಅಂಗಡಿಗೆ ಖಚಿತತೆ ಸಿಗದಿದ್ದರೆ 5 ದಿನದೊಳಗೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಜಮೆಯಾಗದಿದ್ದರೆ ಮರುದಿನದೊಳಗೆ ಹಣ ವಾಪಸಾಗಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಕೇಳಿದರೆ ಸಿಗುತ್ತದೆ, ಕೇಳುವವರು ಕಡಿಮೆ.

ನಂಬರ್ ತಪ್ಪಿ ಬೇರೆಯವರಿಗೆ ಹೋದ ಹಣದ ಕಥೆ ಬೇರೆ. ಅಲ್ಲಿ ವಹಿವಾಟು ‘ಯಶಸ್ವಿ’. ಪಡೆದವರ ಒಪ್ಪಿಗೆಯಿಲ್ಲದೆ ಬ್ಯಾಂಕ್ ಅದನ್ನು ಎಳೆದು ತರಲಾಗದು. ಆದ್ದರಿಂದ ಮಕ್ಕಳು ಸ್ಕ್ಯಾನ್ ಮಾತ್ರ ಮಾಡಲಿ, ನಂಬರ್ ಒತ್ತಿ ಕಳಿಸುವುದು ಬೇಡ.

ಮೋಸದ ಮಾತಿಗೆ ಬಂದರೆ ಮಕ್ಕಳಿಗೆ ಕಲಿಸಬೇಕಾದ್ದು ಒಂದೇ ವಾಕ್ಯ: ಹಣ ಬರಲು ಪಿನ್ ಬೇಡ, ಸ್ಕ್ಯಾನೂ ಬೇಡ. ಬಹುಮಾನ ಬಂದಿದೆ, ಸ್ಕ್ಯಾನ್ ಮಾಡಿ ಪಡೆದುಕೊ ಎಂದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ವ್ಯಕ್ತಿಗಳ ನಡುವಿನ ‘ಹಣ ಕೇಳುವ ಕೋರಿಕೆ’ಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಆದರೆ ಸ್ಕ್ಯಾನ್ ಮಾಡಿಸುವ ಮೋಸ ನಿಂತಿಲ್ಲ. ಹೈಸ್ಕೂಲು ಮಕ್ಕಳ ಹೆತ್ತವರಿಗೆ ಇನ್ನೊಂದು ಎಚ್ಚರಿಕೆ. ‘ತಪ್ಪಿ ನಿನ್ನ ಖಾತೆಗೆ ಹಣ ಬಂತು, ಈ ನಂಬರಿಗೆ ವಾಪಸ್ ಹಾಕು’ ಎಂದು ಯಾರಾದರೂ ಫೋನ್ ಮಾಡಿದರೆ ಮಗು ತಾನಾಗಿ ಹಾಕಬಾರದು. ಕದ್ದ ಹಣವನ್ನು ಹೀಗೆ ದಾಟಿಸುವವರಿದ್ದಾರೆ, ಆಮೇಲೆ ತಡೆಹಿಡಿಯುವುದು ಮಗುವಿನ ಖಾತೆಯನ್ನು. ಬ್ಯಾಂಕಿಗೆ ಹೇಳಿ ಅವರ ಮೂಲಕವೇ ಹಿಂದಿರುಗಿಸಿ.

ಹಣ ಹೆಚ್ಚು ಸೋರುವುದು ಅಂಗಡಿಯಲ್ಲಲ್ಲ, ಆಟದಲ್ಲಿ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆಯಾದರೂ ಸಾಧಾರಣ ಆಟದೊಳಗೆ ನಾಣ್ಯ, ಬಟ್ಟೆ, ಬಂದೂಕು ಕೊಳ್ಳುವುದು ನಡೆಯುತ್ತಲೇ ಇದೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪರಿಶೀಲನೆ ಬೇಕೆಂದು ಇಡಿ. ‘ಪೇಮೆಂಟ್ಸ್’ ವಿಭಾಗದಲ್ಲಿ ಜೋಡಿಸಿಟ್ಟ ಯುಪಿಐ, ಕಾರ್ಡ್ ತೆಗೆದುಹಾಕಿ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಪಟ್ಟಿ ತೆರೆದು ನೋಡಿ. ಒಮ್ಮೆ ಒಪ್ಪಿಗೆ ಬಿದ್ದರೆ 15,000 ರೂಪಾಯಿವರೆಗಿನ ಕಂತು ಮತ್ತೆ ಪಿನ್ ಕೇಳದೆಯೇ ಹೋಗುತ್ತದೆ, 24 ಗಂಟೆ ಮೊದಲು ಒಂದು ಸೂಚನೆ ಬರುತ್ತದೆ ಅಷ್ಟೆ. ಗೊತ್ತಿಲ್ಲದ ಹೆಸರಿದ್ದರೆ ಅಲ್ಲೇ ರದ್ದು ಮಾಡಬಹುದು. ಮಗು ಒತ್ತಿಬಿಟ್ಟಿದೆ ಎಂದು ಗೊತ್ತಾದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ಮರುಪಾವತಿ ಕೇಳಿ, ಆಮೇಲೆ ಆಟ ಮಾಡಿದ ಕಂಪನಿಯ ಬೆನ್ನು ಹತ್ತಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಾಲ್ಕನೇ ತರಗತಿಯವರೆಗೆ ನಗದೇ ಇರಲಿ ಎಂಬುದು ನಮ್ಮ ನಿಲುವು. ಕಾರಣ ಹಳೆಯ ಕಾಲದ ಮೇಲಿನ ಮಮತೆಯಲ್ಲ. 100ರ ನೋಟು ಕೊಟ್ಟು 37 ಕಳೆದು 63 ವಾಪಸ್ ಎಣಿಸುವಾಗ ಮಗು ಕಳೆಯುವ ಲೆಕ್ಕವನ್ನು ಕೈಯಿಂದ ಮಾಡುತ್ತದೆ. ಸ್ಕ್ಯಾನ್ ಮಾಡುವಾಗ 37 ಎಂದು ಒತ್ತುತ್ತದೆ, ಉಳಿದದ್ದು ಎಷ್ಟೆಂಬ ಪ್ರಶ್ನೆಯೇ ಏಳುವುದಿಲ್ಲ. ಚಲಿಸುವ ಸಿಟಿ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಬ್ಯಾಗಿಗೆ ಇರುವಾಗ ನಗದೇ ಸಲೀಸು. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ಅಂಗಡಿಗಳಿಗೆ ಬಂದ ತೆರಿಗೆ ನೋಟಿಸಿನ ಗದ್ದಲವಾದಾಗ ರಾಜ್ಯದಲ್ಲಿ ಕೆಲವು ಅಂಗಡಿಗಳು ‘ನಗದು ಮಾತ್ರ’ ಎಂಬ ಬೋರ್ಡ್ ಹಾಕಿದ್ದೂ ನೆನಪಿರಲಿ. ಐದರಿಂದ ಏಳನೇ ತರಗತಿಯವರಿಗೆ ವಾರಕ್ಕೆ 50 ರೂಪಾಯಿ ನಗದು, ಮನೆಯ ಸಾಮಾನಿಗೆ ಮಾತ್ರ ಲೈಟ್. ಎಂಟರ ಮೇಲೆ ಸ್ವಂತ ಖಾತೆ ಅಥವಾ ಸರ್ಕಲ್.

ಲೆಕ್ಕ ಇಡುವ ಅಭ್ಯಾಸಕ್ಕೆ ನಮ್ಮೂರಿನವರು ದೂರ ಹುಡುಕಬೇಕಾಗಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಎಂಬ ದಿನವಹಿ ಉಳಿತಾಯ ಯೋಜನೆ ಶುರು ಮಾಡಿ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಆ ಬ್ಯಾಂಕಿನ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಎಂಬ ಪದ ಉಳಿದಿದೆ. ದಿನದ ಹಣ ದಿನವೇ ಬರೆದಿಡುವುದು ಅದರ ಗುಟ್ಟು. ರಾತ್ರಿ ಊಟಕ್ಕೆ ಮೊದಲು ಆ್ಯಪ್‌ನ ಹಿಸ್ಟರಿಯನ್ನು ಮಗುವೇ ಓದಲಿ, ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಅಂಗಡಿ, ಮೊತ್ತ, ಉಳಿಕೆ ಎಂದು ನಾಲ್ಕು ಗೆರೆ ಎಳೆದು ಬರೆಯಲಿ. ಎರಡು ನಿಮಿಷದ ಕೆಲಸ. ಉಳಿಕೆಯ ಗೆರೆ ಮುಖ್ಯ, ಸ್ಕ್ಯಾನ್ ಮಾಡುವಾಗ ತಪ್ಪಿಹೋದ ಕಳೆಯುವ ಲೆಕ್ಕ ಅಲ್ಲಿ ಮರಳಿ ಬರುತ್ತದೆ. ಲೆಕ್ಕ ತಪ್ಪಿದರೆ ಬೈಯಬೇಡಿ. ಬೈದರೆ ನಾಳೆಯಿಂದ ಮಗು ಹಿಸ್ಟರಿ ಮುಚ್ಚಿಡಲು ಕಲಿಯುತ್ತದೆ, ನಿಜವಾಗಿ ಮೋಸ ಹೋದ ದಿನವೂ ಬಾಯಿಬಿಡುವುದಿಲ್ಲ. ಮೋಸವಾದಾಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡುವ ಕರೆ ಎಷ್ಟು ಬೇಗ ಹೋಗುತ್ತದೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಶಾಲೆಗಳಿಗೆ ಒಂದು ವಿನಂತಿ. ಜೂನ್ ತಿಂಗಳ ಮೊದಲ ಹೆತ್ತವರ ಸಭೆಗೆ ಹತ್ತಿರದ ಬ್ಯಾಂಕ್ ಶಾಖೆಯಿಂದ ಒಬ್ಬರನ್ನು ಕರೆಸಿ, ಅರ್ಧ ಗಂಟೆ ಸಾಕು. ಭಾಷಣ ಬೇಡ. ಎಲ್ಲರೂ ತಮ್ಮ ತಮ್ಮ ಫೋನ್ ತೆಗೆದು ಅಲ್ಲೇ ಪಿನ್ ಬದಲಿಸಲಿ, ಆಟೋಪೇ ಪಟ್ಟಿ ನೋಡಲಿ, ಬೇಕಾದವರು ಲೈಟ್‌ಗೆ 200 ತುಂಬಲಿ. ಕನ್ನಡದಲ್ಲೂ ತುಳುವಿನಲ್ಲೂ ಹೇಳಬಲ್ಲವರು ಬರಲಿ. ಅಜ್ಜ ಅಜ್ಜಿಯರನ್ನು ಬಿಟ್ಟು ಬರಬೇಡಿ ಎಂದು ಡೈರಿಯಲ್ಲಿ ಬರೆದು ಕಳಿಸಿ.

— ಕೆಲವು ನಿವೃತ್ತ ಬ್ಯಾಂಕ್ ನೌಕರರು ಮತ್ತು ಶಿಕ್ಷಕರು, ಉಡುಪಿ